ಟೋನ್ ಕೊಡ್ರಿ

ರಾಯಚೂರು
27-6-2010, ರವಿವಾರ

ಪ್ರೀತಿಯ ತಂಗಿ,

ನಿನ್ನ ಕಾಗದ ಮುಟ್ಟಿತು. ನಿನ್ನೆ ಕಾರಹುಣ್ಣಿಮೆಗೆ ಅವ್ವ ಹೋಳಿಗೆ ಮಾಡಿದ್ದಳು. ಎಲ್ಲರಿಗೂ ಬಡಿಸುವಾಗ ಎರಡು ಸಲ ನಿನ್ನ ಹೆಸರು ತೆಗೆದಳು. ದೇವದುರ್ಗದಲ್ಲಿ ಎತ್ತಿನ ಮೆರವಣಿಗೆ ನೋಡಲು ಹೊರಗೆ ಬಂದಿದ್ದೆಯೋ, ರೂಮಿನಲ್ಲೇ ಕೂತಿದ್ದೆಯೋ, ಬರೆ.

ನಿಮ್ಮ ತಾಲ್ಲೂಕು ಆಫೀಸಿನ ಸಾಹೇಬರ ಕೋಣೆಯ ಫ್ಯಾಕ್ಸ್ ಮಷಿನ್ ಬಗ್ಗೆ ನೀನು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. "ಗುಂಡಿಗಳ ಮೇಲೆಲ್ಲ ಇಂಗ್ಲಿಷ್. ಯಾವುದೋ ಒಂದನ್ನು ಒತ್ತಿ ಏನೋ ಆದರೆ ಹೊಸಬಳಾದ ನನ್ನ ಮೇಲೇ ಬರುತ್ತದೆ. ಅದನ್ನು ನಡೆಸುವವರು ಒಬ್ಬರೇ ಹಿರಿಯರು, ಅವರೂ ಜುಲೈ ಕೊನೆಗೆ ನಿವೃತ್ತರಾಗುತ್ತಾರೆ" ಎಂದು ಬರೆದಿದ್ದೀ. ಫೋನಿನಲ್ಲಿ ಹೇಳಿದ್ದು ಮಷಿನ್ ಮುಂದೆ ನಿಂತಾಗ ನೆನಪಿಗೆ ಬರುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಕಾಗದ ನಿನ್ನ ಟೇಬಲ್ಲಿನ ಡ್ರಾದಲ್ಲಿರಲಿ.

ಜುಲೈ ಕೊನೆ ಎಂದು ಓದಿದ ಕೂಡಲೇ ನನಗೆ ಹೊಳೆ ನೆನಪಾಯಿತು. ನಿನ್ನ ತಾಲ್ಲೂಕಿನಲ್ಲಿ ಹನಿ ಮಳೆ ಬೀಳದಿದ್ದರೂ ಕೃಷ್ಣೆ ಬರುತ್ತಾಳೆ. ಮಹಾಬಳೇಶ್ವರದ ಕಡೆ ಘಟ್ಟದಲ್ಲಿ ಮಳೆ ಹಿಡಿದರೆ ಆಲಮಟ್ಟಿ ತುಂಬಬೇಕು, ಆಲಮಟ್ಟಿ ಬಿಟ್ಟರೆ ನಾರಾಯಣಪುರದ ಗೇಟು ಎತ್ತಬೇಕು, ಅಲ್ಲಿ ಎತ್ತಿದ್ದು ಹೂವಿನಹೆಡಗಿ ಸೇತುವೆಯ ಕೆಳಗೆ ಬಂದೇ ಬರಬೇಕು. ಎಷ್ಟು ಕ್ಯೂಸೆಕ್ ಬಿಟ್ಟರು, ಯಾವ ಹೊತ್ತಿಗೆ ಬಿಟ್ಟರು ಎಂಬ ಸುದ್ದಿ ನೀರಿಗಿಂತ ಮೊದಲು ನಿಮ್ಮ ಆಫೀಸಿಗೆ ಬರಬೇಕು. ಬಾಯಿಮಾತಿನ ಫೋನು ಬಂದೇ ಬರುತ್ತದೆ. ಆದರೆ ಸಹಿ, ಸೀಲು, ಅಂಕಿ ಇರುವ ಕಾಗದ ಕೈಯಲ್ಲಿದ್ದರೆ ಹೊಳೆದಂಡೆಯ ಊರಿನವರನ್ನು ಎಬ್ಬಿಸಿ ಕಳಿಸುವ ಮಾತಿಗೆ ತೂಕ ಬರುತ್ತದೆ. ಆ ಹಾಳೆ ಹೊರಬರುವ ಹೊತ್ತಿಗೆ ಮಷಿನ್ ಮುಂದೆ ತಿಳಿದವರೊಬ್ಬರು ನಿಂತಿರಬೇಕು. ಆಗಸ್ಟಿನಲ್ಲಿ ಅಲ್ಲಿ ನಿಲ್ಲುವವಳು ನೀನೇ.

ಹೋದ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ನಾನು ಮಾನ್ವಿಯಲ್ಲಿದ್ದದ್ದು ನಿನಗೆ ಗೊತ್ತು. ಆ ಮಳೆಯನ್ನು ನಮ್ಮ ಜಿಲ್ಲೆಯ ಜನ ಮರೆಯುವುದಿಲ್ಲ. ಆ ಕಡೆ ತುಂಗಭದ್ರೆ ಮಂತ್ರಾಲಯದ ಮಠಕ್ಕೆ ನುಗ್ಗಿದ್ದಳು, ಈ ಕಡೆ ದಂಡೆಯ ಊರುಗಳ ಜನ ಗುಡಿ, ಸಾಲಿ ಹಿಡಿದು ಕೂತಿದ್ದರು. ಕರೆಂಟು ಹೋಗಿ ಮೊಬೈಲ್‌ಗಳು ಸತ್ತಿದ್ದವು. ಜನರೇಟರ್ ನಡೆದಷ್ಟು ಹೊತ್ತು ಫ್ಯಾಕ್ಸ್ ನಡೆಯಿತು. ಎಲ್ಲಿ ಗಂಜಿ ಕೇಂದ್ರ ತೆರೆದಿದೆ, ಎಷ್ಟು ಜನ ಇದ್ದಾರೆ, ಎಲ್ಲಿಗೆ ದೋಣಿ ಬೇಕು ಎಂಬುದನ್ನು ಕೈಯಲ್ಲಿ ಬರೆದು, ಸಹಿ ಹಾಕಿಸಿ, ಒಂದರ ಹಿಂದೆ ಒಂದು ಕಳಿಸಿದೆವು. ಆಗ ಟೈಪ್ ಮಾಡಲು ಯಾರಿಗೆ ಹೊತ್ತಿತ್ತು? ಗ್ರಾಮ ಲೆಕ್ಕಿಗರು ಮೊಣಕಾಲ ಮೇಲೆ ಹಾಳೆ ಇಟ್ಟು ಬರೆದುಕೊಟ್ಟ ಅಕ್ಷರವೇ ರಾಯಚೂರಿನಲ್ಲಿ ಹೊರಬಿತ್ತು. ಈ ಮಷಿನ್ ಮೇಲೆ ನನಗಿರುವ ಗೌರವ ಅಂದಿನದು.

ಈಗ ಮಷಿನ್ ಮುಂದೆ ಬಾ. ಬಲಗಡೆ ಫೋನಿನ ನಂಬರ್ ಗುಂಡಿಗಳು ಇವೆಯಲ್ಲ, ಅವು ನಿನಗೆ ಗೊತ್ತಿರುವವೇ. ಅವುಗಳ ಹತ್ತಿರ ದೊಡ್ಡವು ಎರಡು ಇರುತ್ತವೆ: ಸ್ಟಾರ್ಟ್, ಸ್ಟಾಪ್. ಮೊದಲು ಸ್ಟಾಪ್ ಕಲಿ. ಏನೇ ಒತ್ತಿ ಎಲ್ಲೇ ಸಿಕ್ಕಿಕೊಂಡರೂ ಸ್ಟಾಪ್ ಒತ್ತಿದರೆ ಮಷಿನ್ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲಿನ ಸ್ಥಿತಿಗೆ ಬರುತ್ತದೆ, ಸಣ್ಣ ಪರದೆಯ ಮೇಲೆ ಮತ್ತೆ ತಾರೀಖು, ಟೈಮು ಕಾಣುತ್ತದೆ. ಅದೊಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಮೆನುವಿನ ಒಳಗಿನದು ಯಾವುದೂ 'ಸೆಟ್' ಒತ್ತುವ ತನಕ ಬದಲಾಗುವುದಿಲ್ಲ.

ಎರಡನೆಯದು ಕಾಪಿ ಗುಂಡಿ. ಇದನ್ನು ಝೆರಾಕ್ಸ್‌ಗೆಂದು ಇಟ್ಟಿದ್ದಾರೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಅದರಿಂದ ನಿನಗೆ ಆಗುವ ದೊಡ್ಡ ಉಪಯೋಗ ಬೇರೆ. ನೀನು ಕಳಿಸಿದ ಹಾಳೆಯ ಮೇಲೆ ಉದ್ದಕ್ಕೂ ಕಪ್ಪು ಗೆರೆ ಬಿದ್ದಿದೆ ಎಂದು ಆ ಕಡೆಯವರು ಬೈದರೆ, ಅದೇ ಹಾಳೆಯನ್ನು ಹಾಕಿ ಕಾಪಿ ಒತ್ತು. ಕಾಪಿಯಲ್ಲೂ ಗೆರೆ ಇದ್ದರೆ ನಿಮ್ಮ ಮಷಿನ್ನಿನ ಗಾಜಿನ ಮೇಲೆ ಏನೋ ಅಂಟಿದೆ. ಬಹಳ ಸಲ ಅದು ಒಣಗದ ವೈಟ್‌ನರ್. ಮುಚ್ಚಳ ತೆರೆದು ಮೆತ್ತನೆ ಬಟ್ಟೆಯಿಂದ ಒರೆಸು. ಕಾಪಿ ಶುದ್ಧ ಬಂದರೆ ದೋಷ ಲೈನಿನದು, ಇಲ್ಲವೇ ಅವರ ಮಷಿನ್ನಿನದು. ಹಾಗೆಂದು ಧೈರ್ಯವಾಗಿ ಹೇಳು.

ಹಾಳೆ ಇಡುವಾಗ ಟ್ರೇ ಹತ್ತಿರ ಕೆತ್ತಿದ ಸಣ್ಣ ಚಿತ್ರ ನೋಡು. ಬರಹ ಕೆಳಮುಖ ಇರಬೇಕೋ ಮೇಲ್ಮುಖವೋ ಎಂದು ಅದರಲ್ಲಿದೆ, ಒಂದೊಂದು ಮಷಿನ್ನಿನಲ್ಲಿ ಒಂದೊಂದು ರೀತಿ. ಪಿನ್ನು, ಸ್ಟೇಪಲ್ ತೆಗೆದಿರಬೇಕು. ಹಳೇ ಪಹಣಿಯಂಥ ಜೀರ್ಣವಾದ ಕಾಗದವನ್ನು ನೇರ ಹಾಕಬೇಡ, ಝೆರಾಕ್ಸ್ ಮಾಡಿಸಿ ಅದನ್ನು ಹಾಕು.

ಇನ್ನು ರೆಸಲ್ಯೂಷನ್ ಎಂಬ ಗುಂಡಿ. ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇಡೀ ಫಲಕದಲ್ಲಿ ಇದೇ ಮುಖ್ಯವೆಂದು ನನ್ನ ಅಭಿಪ್ರಾಯ, ಆದರೆ ಇದನ್ನು ಮುಟ್ಟುವವರು ಕಡಿಮೆ. ಮಷಿನ್ ಹಾಳೆಯನ್ನು ಓದುವುದು ಕೂರಿಗೆ ಸಾಲು ಹಿಡಿದಂತೆ, ಎಡದಿಂದ ಬಲಕ್ಕೆ ಒಂದು ಸಾಲು, ಅದರ ಕೆಳಗೆ ಇನ್ನೊಂದು. ಒಂದು ಸಾಲಿನಲ್ಲಿ 1728 ಚುಕ್ಕೆ. ಪ್ರತಿ ಚುಕ್ಕೆ ಕಪ್ಪೋ ಬಿಳಿಯೋ ಎಂದಷ್ಟೇ ನೋಡಿ ಆ ಕಡೆಗೆ ಹೇಳುತ್ತದೆ. 1980ರಲ್ಲಿ ಜಗತ್ತಿನ ಎಲ್ಲ ಕಂಪನಿಗಳ ಮಷಿನ್‌ಗಳೂ ಒಂದಕ್ಕೊಂದು ಮಾತಾಡಲೆಂದು ಗ್ರೂಪ್ 3 ಎಂಬ ನಿಯಮ ಮಾಡಿದರು, ಈ ಲೆಕ್ಕ ಅದರದು. 'ಸ್ಟ್ಯಾಂಡರ್ಡ್' ಇಟ್ಟರೆ ಒಂದು ಮಿಲಿಮೀಟರಿಗೆ ನಾಲ್ಕಕ್ಕೂ ಕಡಿಮೆ ಸಾಲು, 'ಫೈನ್' ಇಟ್ಟರೆ ಅದರ ಇಮ್ಮಡಿ. ಇಂಗ್ಲಿಷ್ ಅಕ್ಷರಕ್ಕೆ ಸ್ಟ್ಯಾಂಡರ್ಡ್ ಸಾಕಾಗುತ್ತದೆ. ನಮ್ಮ ಅಕ್ಷರದ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ, ಪಕ್ಕಕ್ಕೆ ದೀರ್ಘ ಇದೆ. ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ 12ರ ಸೈಜಿಗೆ ಟೈಪ್ ಮಾಡಿದ ಪತ್ರವನ್ನು ಸ್ಟ್ಯಾಂಡರ್ಡ್‌ನಲ್ಲಿ ಕಳಿಸಿ ನೋಡು, ಒತ್ತಕ್ಷರಗಳೆಲ್ಲ ಕಪ್ಪು ಚುಕ್ಕೆಯಾಗಿ ಬಂದಿರುತ್ತವೆ. ಆದ್ದರಿಂದ ಯಾವಾಗಲೂ ಫೈನ್. ಹಾಳೆ ಹೋಗಲು ಸುಮಾರು ಎರಡರಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಅಂಕಿಗಳ ವಿಷಯದಲ್ಲಿ ಇನ್ನೂ ಎಚ್ಚರ. ಮಳೆ ವರದಿಯನ್ನು ಕನ್ನಡ ಅಂಕಿಯಲ್ಲಿ ಬರೆಯುವುದು ನನಗೂ ಇಷ್ಟ. ಆದರೆ ಫ್ಯಾಕ್ಸ್ ಹಾಳೆಯ ಮೇಲೆ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಗಬ್ಬೂರಿಗೆ ೧೬ ಮಿ.ಮೀ. ಮಳೆಯೋ ೧೯ ಮಿ.ಮೀ. ಮಳೆಯೋ ಎಂಬುದು ಹೋಗಲಿ. ೬೦ ಸಾವಿರ ಕ್ಯೂಸೆಕ್ಕನ್ನು ಯಾರಾದರೂ ೯೦ ಸಾವಿರ ಎಂದು ಓದಿದರೆ, ಅಥವಾ ೯೦ ಸಾವಿರವನ್ನು ೬೦ ಎಂದು ಓದಿದರೆ ಏನಾಗುತ್ತದೆ ಯೋಚಿಸು. ಅಂಕಿ ಬರೆದು ಪಕ್ಕದಲ್ಲಿ ಅಕ್ಷರದಲ್ಲೂ ಬರೆ, ಚೆಕ್ ಬರೆಯುವಾಗ ಬರೆಯುತ್ತೇವಲ್ಲ ಹಾಗೆ. ಬೆಳಿಗ್ಗೆ 8.30ರ ಅಳತೆ ಬಂದ ಕೂಡಲೇ ದೇವದುರ್ಗ, ಗಬ್ಬೂರು, ಜಾಲಹಳ್ಳಿ, ಅರಕೇರಾ ಎಲ್ಲವನ್ನೂ ಕಪ್ಪು ಪೆನ್ನಿನಲ್ಲಿ, ದೊಡ್ಡದಾಗಿ, ಸಾಲು ಬಿಟ್ಟು ಬರೆ. ತಿಳಿನೀಲಿ ಪೆನ್ನು ಅರ್ಧ ಮಾಯವಾಗುತ್ತದೆ. ಸಾಹೇಬರ ಹಸಿರು ಸಹಿ, ಮಾಸಿದ ಸೀಲು ಬರಬೇಕೆಂದರೆ ಕಾಂಟ್ರಾಸ್ಟನ್ನು 'ಡಾರ್ಕ್'ಗೆ ಇಡು.

ಈಗ ಕಳಿಸುವುದು. ರಿಸೀವರ್ ಎತ್ತು, ಇಲ್ಲವೇ ಮಾನಿಟರ್ ಗುಂಡಿ ಒತ್ತು. ಮಾನಿಟರ್ ಒತ್ತಿದರೆ ಲೈನಿನ ಸದ್ದು ಮಷಿನ್ನಿನಿಂದಲೇ ಕೇಳುತ್ತದೆ. ರಾಯಚೂರಿಗಾದರೆ 08532, ನಮ್ಮ ಮಾನ್ವಿಗಾದರೆ 08538, ಮೊನ್ನೆ ಡಿಸೆಂಬರ್‌ನಲ್ಲಿ ಹೊಸ ಜಿಲ್ಲೆಯಾದ ಯಾದಗಿರಿಗಾದರೆ 08473 ಹಚ್ಚಿ ನಂಬರ್ ಒತ್ತು. ಶಹಾಪುರ, ಸುರಪುರದ ಕಡೆಯ ಪತ್ರಗಳು ಈಗ ಗುಲಬರ್ಗಾ ಬಿಟ್ಟು ಯಾದಗಿರಿಗೆ ಹೋಗಬೇಕು. ಹಳೇ ಡೈರಿಯ ನಂಬರ್ ನಂಬಬೇಡ. ಆ ಕಡೆ ಮನುಷ್ಯರು ಎತ್ತಿದರೆ ಯಾವ ಆಫೀಸು, ಎಷ್ಟು ಹಾಳೆ ಎಂದು ಹೇಳಿ, "ಟೋನ್ ಕೊಡ್ರಿ" ಅನ್ನು. ಅವರು ಸ್ಟಾರ್ಟ್ ಒತ್ತಿದರೆ ಕಿವಿ ಚುಚ್ಚುವ ಉದ್ದನೆಯ ಕೂಗು ಬರುತ್ತದೆ. ಆ ಕೂಗು ಬಂದ ಮೇಲೆ ನೀನು ಸ್ಟಾರ್ಟ್ ಒತ್ತು, ಆಮೇಲೆ ರಿಸೀವರ್ ಕೆಳಗಿಡು. ಈ ಕ್ರಮ ತಪ್ಪಬಾರದು. ಸ್ಟಾರ್ಟ್‌ಗಿಂತ ಮೊದಲು ರಿಸೀವರ್ ಇಟ್ಟರೆ ಲೈನ್ ಕಡಿಯುತ್ತದೆ.

ನಿನ್ನ ಹತ್ತಿರ ಯಾರಾದರೂ ಟೋನ್ ಕೇಳಿದರೂ ಇದೇ ಕ್ರಮ: ಸ್ಟಾರ್ಟ್ ಒತ್ತಿ, "ಕೊಟ್ಟೀನ್ರಿ" ಅಂದು ಕೆಳಗಿಡು. ಕೆಲವು ಸಲ ಫೋನ್ ಎತ್ತಿದರೆ ಮಾತೇ ಇರುವುದಿಲ್ಲ, ಸುಮಾರು ಮೂರು ಸೆಕೆಂಡಿಗೊಮ್ಮೆ ಒಂದು ಸಣ್ಣ 'ಪೀ' ಅಷ್ಟೇ. ಯಾರೋ ತಮಾಷೆ ಮಾಡುತ್ತಿದ್ದಾರೆಂದು ಇಟ್ಟುಬಿಡುವವರಿದ್ದಾರೆ. ಅದು ಇನ್ನೊಂದು ಮಷಿನ್ ನಿನ್ನ ಮಷಿನ್ನನ್ನು ಕರೆಯುವ ದನಿ. 1100 ಹರ್ಟ್ಸ್‌ನ ಆ ಕರೆಗೆ ನಿನ್ನದು 2100 ಹರ್ಟ್ಸ್‌ನಲ್ಲಿ ಓಗೊಡಬೇಕು, ಅದಕ್ಕೆ ನೀನು ಸ್ಟಾರ್ಟ್ ಒತ್ತಬೇಕು. ಸಂಜೆ ಬಾಗಿಲು ಹಾಕಿ ಹೋಗುವಾಗ 'ಆಟೋ ಆನ್ಸರ್' ದೀಪ ಉರಿಯುತ್ತಿದೆಯೇ ನೋಡು. ಅದು ಉರಿಯುತ್ತಿದ್ದರೆ ರಾತ್ರಿ ಯಾರೂ ಇಲ್ಲದಿದ್ದರೂ ಮಷಿನ್ ತಾನೇ ಎತ್ತುತ್ತದೆ. ಮಳೆಗಾಲದಲ್ಲಿ ಅದು ಆರಿರಲೇಬಾರದು.

ಮಳೆ ಬಂದಾಗ ಕೇಬಲ್ ಜಾಯಿಂಟಿನಲ್ಲಿ ನೀರು ಹೊಕ್ಕು ಲೈನು ಗರಗರ ಅನ್ನುತ್ತದೆ. ಆಗ ಮಷಿನ್ ತನ್ನ ವೇಗವನ್ನು ತಾನೇ 9600ರಿಂದ 7200ಕ್ಕೆ, 4800ಕ್ಕೆ, ಕೊನೆಗೆ 2400ಕ್ಕೂ ಇಳಿಸಿಕೊಂಡು ಹೇಗಾದರೂ ದಾಟಿಸಲು ನೋಡುತ್ತದೆ. ಹಾಳೆ ನಿಂತು ನಿಂತು ಹೋಗುವುದು ಅದಕ್ಕೇ. ಕೆಟ್ಟಿತೆಂದು ಸ್ಟಾಪ್ ಒತ್ತಬೇಡ, ಕಾಯಿ. ಕಡಿದರೆ ರಿಡಯಲ್ ಇದೆ. ಅದೇ ಗುಂಡಿಯ ಮೇಲೆ ಪಾಝ್ ಎಂದೂ ಬರೆದಿರುತ್ತದೆ. ಇಂಟರ್‌ಕಾಮ್ ಮೂಲಕ ಹೊರಗಿನ ಲೈನ್ ಹಿಡಿಯುವ ಆಫೀಸುಗಳಲ್ಲಿ ಮೊದಲ ಅಂಕಿ ಒತ್ತಿ, ಪಾಝ್ ಕೊಟ್ಟು, ಉಳಿದ ನಂಬರ್ ಹಚ್ಚಬೇಕು. ಫ್ಲ್ಯಾಶ್, ಮ್ಯೂಟ್ ನಿನಗೆ ಸದ್ಯ ಬೇಕಾಗಿಲ್ಲ.

ಕರೆಂಟಿನ ಮಾತು. ಶಕ್ತಿನಗರದಲ್ಲಿ ಇಡೀ ರಾಜ್ಯಕ್ಕೆ ಬೆಳಕು ಮಾಡುವ ನಮ್ಮ ಜಿಲ್ಲೆಯಲ್ಲೇ ಕರೆಂಟು ಹೋಗುತ್ತದೆ, ಅದು ನನಗೆ ಇವತ್ತಿಗೂ ನೋವು. ಫ್ಯಾಕ್ಸ್‌ಗೆ ಗೋಡೆಯ ಕರೆಂಟು ಬೇಕು, ಸಾದಾ ಫೋನಿಗೆ ಬೇಡ. ಅದಕ್ಕೆ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತದೆ. ಹಾಗಾಗಿ ಅದೇ ಲೈನಿಗೆ ಒಂದು ಹಳೇ ಫೋನ್ ಸೆಟ್ ಜೋಡಿಸಿಟ್ಟಿರಿ ಎಂದು ನಿಮ್ಮ ಶಿರಸ್ತೇದಾರರಿಗೆ ಹೇಳು. ಕರೆಂಟು ಬಂದ ಮೇಲೆ ಪರದೆಯ ಮೇಲಿನ ತಾರೀಖು ನೋಡು. ತಪ್ಪಿದ್ದರೆ ಮೆನುವಿನಲ್ಲಿ ಸರಿಮಾಡು. ಪ್ರತಿ ಹಾಳೆಯ ನೆತ್ತಿಯ ಮೇಲೆ ಆ ತಾರೀಖು, ಟೈಮು ಅಚ್ಚಾಗಿ ಹೋಗುತ್ತದೆ. ನೀರು ಬಂದದ್ದು ಯಾವಾಗ, ವರದಿ ಕೊಟ್ಟದ್ದು ಯಾವಾಗ ಎಂದು ನಾಳೆ ಕೇಳಿದರೆ ಆ ಸಾಲೇ ಉತ್ತರ ಹೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಕೋರ್ಟಿನ ಸಮನ್ಸನ್ನೂ ಫ್ಯಾಕ್ಸ್ ಮೂಲಕ ಕಳಿಸಲು ಅವಕಾಶವಿದೆ, ಅಷ್ಟು ಬೆಲೆ ಈ ಕಾಗದಕ್ಕೆ.

ಆದರೆ ರೋಲಿನ ನುಣುಪು ಕಾಗದಕ್ಕೆ ಆಯುಷ್ಯವಿಲ್ಲ. ಅದರ ಮೇಲೆ ಶಾಯಿ ಇಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿ ಕಪ್ಪಾಗುತ್ತದೆ, ಅಷ್ಟೇ. ಹಾಗಾಗಿ ಬರಬರುತ್ತ ಅಕ್ಷರ ಮಾಸುತ್ತದೆ, ಅತಿಯಾದ ಬಿಸಿಗೆ ಇಟ್ಟರೆ ಇಡೀ ಹಾಳೆಯೇ ಕಪ್ಪಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಜೀಪಿನ ಮುಂದಿನ ಗಾಜಿನ ಕೆಳಗೆ ಇಟ್ಟು ಮರೆತ ಫ್ಯಾಕ್ಸ್ ಬೂದಿಬಣ್ಣಕ್ಕೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ಬಂದ ಕೂಡಲೇ ಝೆರಾಕ್ಸ್ ಮಾಡಿಸಿ, ಝೆರಾಕ್ಸನ್ನು ಕಡತಕ್ಕೆ ಹಾಕು. ನೆರೆಯಲ್ಲಿ ಮನೆ ಕಳೆದುಕೊಂಡವರ 'ಆಸರೆ' ಯೋಜನೆಯ ಪಟ್ಟಿಗಳು ಈಗ ಓಡಾಡುತ್ತಿವೆಯಲ್ಲ, ಅವುಗಳಲ್ಲಿ ಒಂದು ಹೆಸರು ಮಾಸಿದರೆ ಒಂದು ಮನೆತನ ಮತ್ತೆ ನಿಮ್ಮ ಆಫೀಸಿನ ಕಟ್ಟೆಯ ಮೇಲೆ ಕೂಡಬೇಕಾಗುತ್ತದೆ.

ನಾನು ಈ ಕಾಗದ ಬರೆಯಲು ಕೂತದ್ದೇ ಮುಂದಿನ ಮಾತಿಗಾಗಿ. ಹಾಳೆ ಹೋದ ಮೇಲೆ ಮಷಿನ್ ಒಂದು ಚೀಟಿ ಕೊಡುತ್ತದೆ: ನಂಬರ್, ಟೈಮು, ಎಷ್ಟು ಪುಟ, ಕೊನೆಯಲ್ಲಿ 'ಓಕೆ'. ಆ ಚೀಟಿ ಹರಿದು ಫೈಲಿಗೆ ಹಚ್ಚಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಆ ಓಕೆಗೆ ಇರುವ ಅರ್ಥ, ಒಂದು ಮಷಿನ್ ಹೇಳಿದ್ದನ್ನು ಇನ್ನೊಂದು ಮಷಿನ್ ಕೇಳಿಸಿಕೊಂಡಿತು ಎಂಬುದಷ್ಟೇ. ಹಾಳೆ ತಿರುವುಮುರುವಾಗಿ ಇಟ್ಟು ಬರೀ ಬಿಳಿ ಬೆನ್ನು ಕಳಿಸಿದರೂ ಓಕೆ ಬರುತ್ತದೆ. ಆ ಕಡೆ ರೋಲು ಮುಗಿದಿದ್ದರೂ ಎಷ್ಟೋ ಮಷಿನ್‌ಗಳು ಪುಟವನ್ನು ಒಳಗೇ ಹಿಡಿದಿಟ್ಟುಕೊಂಡು ಓಕೆ ಅನ್ನುತ್ತವೆ; ಮತ್ತೆ ರೋಲು ಹಾಕುವ ಮೊದಲು ಕರೆಂಟು ಹೋದರೆ ಕೆಲವು ಮಷಿನ್‌ಗಳಲ್ಲಿ ಆ ಪುಟ ಹೋದಂತೆಯೇ. ಹಾಳೆ ಸರಿಯಾಗಿಯೇ ಹೊರಬಂದು, ಟೇಬಲ್ಲಿನ ಹಿಂದೆ ಬಿದ್ದು, ಮರುದಿನ ಕಸ ಗುಡಿಸುವವರ ಕೈಗೆ ಸಿಕ್ಕಿದ್ದೂ ಒಂದು ಆಫೀಸಿನಲ್ಲಿ ನಡೆದಿದೆ. ಆದ್ದರಿಂದ ಓಕೆ ಬಂದ ಮೇಲೆ ಫೋನ್ ಮಾಡು. "ಮುಟ್ಟಿತೇನ್ರಿ, ಎಷ್ಟು ಹಾಳೆ ಬಂದಾವು, ಅಂಕಿ ಓದಿ ಹೇಳ್ರಿ" ಎಂದು ಕೇಳು. ಓದಿದವರ ಹೆಸರು, ಹುದ್ದೆ, ಟೈಮು ಜಾವಕ ವಹಿಯಲ್ಲಿ ಬರೆ. ನಿನಗೆ ಬಂದ ಫ್ಯಾಕ್ಸ್‌ಗೂ ನೀನೇ ತಿರುಗಿ ಫೋನ್ ಮಾಡಿ ಮುಟ್ಟಿತೆಂದು ಹೇಳು, ಅವರು ಕೇಳುವ ತನಕ ಕಾಯಬೇಡ. ಇಷ್ಟು ಮಾಡುವವರು ಎಲ್ಲ ತಾಲ್ಲೂಕಿನಲ್ಲಿ ಒಬ್ಬೊಬ್ಬರಿದ್ದರೆ ಹೊಳೆ ಬಂದ ರಾತ್ರಿ ಜೀವ ಉಳಿಯುತ್ತದೆ. ನಾನಿದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಇ-ಮೇಲ್ ಬಂದಿದೆ, ಇದೆಲ್ಲ ಇನ್ನೆಷ್ಟು ದಿನ ಎಂದು ನೀನು ಕೇಳಿದ್ದೀ. ಹೋಗುವ ಕಾಲಕ್ಕೆ ಹೋಗಲಿ. ಸದ್ಯಕ್ಕೆ ನುಡಿಯಲ್ಲಿ ಟೈಪ್ ಮಾಡಿ ಮೇಲ್ ಮಾಡಿದ ಪತ್ರ, ಆ ಕಡೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳ ಸಾಲಾಗಿ ತೆರೆಯುತ್ತದೆ. ತಾರು ಕೊಡಲು ಹೋದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು. ಫ್ಯಾಕ್ಸ್ ಆದರೆ ಏನು ಬರೆದಿದ್ದೇವೋ ಅದನ್ನು ಹಾಗೇ ಒಯ್ಯುತ್ತದೆ. ನಿಜಾಮರ ಕಾಲದ ಉರ್ದು ದಾಖಲೆಯನ್ನೂ ಒಯ್ಯುತ್ತದೆ, ಹೆಬ್ಬೆಟ್ಟಿನ ಗುರುತನ್ನೂ ಒಯ್ಯುತ್ತದೆ. ಸಾವಿರಾರು ಚಿತ್ರಾಕ್ಷರಗಳ ಜಪಾನಿನವರು ಇದನ್ನು ಅಷ್ಟು ಹಚ್ಚಿಕೊಂಡದ್ದು ಇದೇ ಕಾರಣಕ್ಕೆ. ಫೋನಿಗಿಂತ ಹಳೆಯದು ಗೊತ್ತೇ ಈ ವಿದ್ಯೆ: ಸ್ಕಾಟ್ಲೆಂಡಿನ ಗಡಿಯಾರ ಮಾಡುವವನೊಬ್ಬ, ಅಲೆಕ್ಸಾಂಡರ್ ಬೇನ್, 1843ರಲ್ಲೇ ತಂತಿಯ ಮೇಲೆ ಚಿತ್ರ ಕಳಿಸುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಬೆಲ್ ಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ.

ಮಷಿನ್ ನಡೆಸುವ ಆ ಹಿರಿಯರ ಬಗ್ಗೆ ಬೇಸರ ಮಾಡಿಕೊಳ್ಳಬೇಡ. ಇಷ್ಟು ವರ್ಷ ಒಬ್ಬರೇ ಹೊತ್ತವರಿಗೆ ಬಿಟ್ಟುಕೊಡುವುದು ಕಷ್ಟ. "ಸರ್, ನೀವು ಹೋದ ಮೇಲೆ ನಾವು ಯಾರನ್ನ ಕೇಳೋದು, ಈಗಲೇ ಕಲಿಸ್ರಿ" ಎಂದು ವಿನಯದಿಂದ ಕೇಳು, ಇಲ್ಲ ಅನ್ನಲಾರರು. ಡಿ.ಸಿ. ಆಫೀಸಿನ ಕಂಟ್ರೋಲ್ ರೂಮು, ಡ್ಯಾಮಿನವರು, ಪೊಲೀಸ್, ಎ.ಸಿ. ಆಫೀಸು, ಇವೆಲ್ಲದರ ನಂಬರ್ ಅವರ ತಲೆಯಲ್ಲಿರುತ್ತವೆ. ಒಂದು ನೋಟ್‌ಬುಕ್ಕಿಗೆ ಇಳಿಸಿಕೋ. ಮುಖ್ಯವಾದವನ್ನು ಒಂದೇ ಒತ್ತಿಗೆ ಹೋಗುವ ಗುಂಡಿಗಳಲ್ಲಿ ಹಾಕಿಸಿಕೊಂಡು, ಪ್ರತಿ ಗುಂಡಿಯ ಹತ್ತಿರ ಕನ್ನಡದಲ್ಲಿ ಚೀಟಿ ಬರೆದು ಸೆಲ್ಲೋಟೇಪ್ ಹಚ್ಚು. ನೀನು ರಜೆಯಲ್ಲಿದ್ದ ದಿನ ಅಟೆಂಡರ್ ಅಕ್ಕನೂ ಒತ್ತುವಂತೆ ಇರಬೇಕು ಅದು. ಆಕೆಗೂ ಕಲಿಸು.

ಬುಧವಾರ ಸಂಜೆ ನಾಲ್ಕಕ್ಕೆ ನಮ್ಮ ಆಫೀಸಿನಿಂದ ನಿಮಗೆ ಒಂದು ಸುತ್ತೋಲೆ ಕಳಿಸುವುದಿದೆ. ನಾನೇ ಹಚ್ಚುತ್ತೇನೆ, ನೀನೇ ಎತ್ತು, ನೀನೇ ಟೋನ್ ಕೊಡು. ಬಂದದ್ದನ್ನು ಓದಿ ಹೇಳಿ, ಅದಕ್ಕೆ ಕೈಯಲ್ಲಿ ಒಂದು ಪುಟ ಉತ್ತರ ಬರೆದು, ಸಹಿ ಮಾಡಿಸಿ, ಫೈನ್‌ನಲ್ಲಿ ಕಳಿಸು. ಒತ್ತಕ್ಷರ ಹೇಗೆ ಬಂದಿವೆ ನಾನು ಹೇಳುತ್ತೇನೆ.

ಜುಲೈ 10 ಎರಡನೇ ಶನಿವಾರ, ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಶುಕ್ರವಾರ ಸಂಜೆಯ ಬಸ್ಸಿಗೇ ಬಾ. ಅವ್ವನ ಮೊಣಕಾಲ ನೋವಿಗೆ ಡಾಕ್ಟರು ಹೊಸ ಗುಳಿಗೆ ಕೊಟ್ಟಿದ್ದಾರೆ, ಸ್ವಲ್ಪ ವಾಸಿ. ಅಪ್ಪ ಆರಿದ್ರಾ ಮಳೆ ನೋಡಿಕೊಂಡು ಊರಿಗೆ ಹೋಗಬೇಕೆಂದಿದ್ದಾರೆ. ಬರುವಾಗ ನಂಬರಿನ ಆ ನೋಟ್‌ಬುಕ್ ತಾ, ಮಾನ್ವಿ ಕಡೆಯವು ನನ್ನ ಹತ್ತಿರ ಇವೆ, ಸೇರಿಸಿ ಬರೆಯೋಣ.

ಇಂತಿ,
ನಿನ್ನ ಅಕ್ಕ